ಅಪ್ಪನ ಬೈಕಿನ ಕಾರ್ಬೊರೇಟರ್

ಅಪ್ಪ ದಿನಾ ಹಳೇ ಬೈಕಿನಲ್ಲಿ ಹಾಲಿನ ಕ್ಯಾನು ಡೇರಿಗೆ ಒಯ್ಯುತ್ತಾರೆ. ಹೋದ ತಿಂಗಳು ಅದು ಕಪ್ಪು ಹೊಗೆ ಬಿಡತೊಡಗಿತು. ಪೆಟ್ರೋಲೂ ಬೇಗ ಮುಗಿಯುತ್ತಿತ್ತು. ನಲ್ಲಿ ಮುಚ್ಚಿದ ಹಾಗೆ ಪೆಟ್ರೋಲು ಕಡಿಮೆಯಾಗುತ್ತೆ ಅಂತ ನಾನು ಹೇಳದೆ ಕೇಳದೆ ಕಾರ್ಬೊರೇಟರಿನ ಸಣ್ಣ ಸ್ಕ್ರೂ ಬಿಗಿ ಮಾಡಿದೆ. ಮರುದಿನ ಗಾಡಿ ದಾರಿಯಲ್ಲೇ ನಿಂತಿತು. ಅಪ್ಪ ಕ್ಯಾನು ಹೊತ್ತು ನಡೆದರು. ನನಗೆ ಬೈಯಲಿಲ್ಲ, ಅದಕ್ಕೇ ಹೆಚ್ಚು ಬೇಜಾರಾಯ್ತು.

ಸಂಜೆ ಗ್ಯಾರೇಜಿನ ಮಾಮ ವಿವರಿಸಿದರು. ಕಾರ್ಬೊರೇಟರ್ ಪೆಟ್ರೋಲಿಗೆ ಗಾಳಿ ಬೆರೆಸುತ್ತದೆ. 1 ಕಿಲೋ ಪೆಟ್ರೋಲು ಪೂರ್ತಿ ಉರಿಯಲು ಸುಮಾರು 15 ಕಿಲೋ ಗಾಳಿ ಬೇಕು! ಗಾಳಿಗೂ ತೂಕವಿದೆ ಎಂದು ಮೇಷ್ಟ್ರು ಹೇಳಿದ್ದು ನೆನಪಿದೆಯಾ?

ಬೆರಕೆ ಸರಿಯಿದೆಯೇ ಎಂದು ಪ್ಲಗ್ ಹೇಳುತ್ತದೆ. ಇಂಜಿನ್ ತಣ್ಣಗಾದ ಮೇಲೆ ಬಿಚ್ಚಬೇಕು. ತುದಿ ಕಾಫಿಪುಡಿ ಬಣ್ಣವಿದ್ದರೆ ಸರಿ. ಮಸಿ ಹಿಡಿದಿದ್ದರೆ ಪೆಟ್ರೋಲು ಜಾಸ್ತಿ. ಬೆಳ್ಳಗಿದ್ದರೆ ಗಾಳಿ ಜಾಸ್ತಿ, ಇಂಜಿನ್ ವಿಪರೀತ ಕಾಯುತ್ತದೆ. ನಮ್ಮದು ಮಸಿಯೋ ಮಸಿ.

ಸ್ಕ್ರೂ ಏರ್ ಫಿಲ್ಟರ್ ಕಡೆಗಿದ್ದರೆ ಸಾಮಾನ್ಯವಾಗಿ ಅದು ಗಾಳಿಯದು, ಇಂಜಿನ್ ಕಡೆಗಿದ್ದರೆ ಪೆಟ್ರೋಲಿನದು. ನಾನು ಮುಚ್ಚಿದ್ದು ಗಾಳಿಯನ್ನು!

ಮಾಮ ಮೊದಲು ಫಿಲ್ಟರ್ ತೆಗೆದರು. ಒಳಗೆ ರಾಗಿಹಿಟ್ಟಿನಂಥ ಧೂಳು. ಹೊಗೆಗೆ ಕಾರಣ ಅದೇ. ಅದನ್ನು ಶುಚಿಮಾಡಿ, ಇಂಜಿನ್ ಬಿಸಿಯಾದ ಮೇಲೆ ಸ್ಕ್ರೂವನ್ನು ಕಾಲು ಕಾಲು ಸುತ್ತು ಸಡಿಲಿಸಿದರು. ಇಂಜಿನ್ ಜೋರಾಗಿ, ಒಂದೇ ಸಮನೆ ಓಡುವ ಕಡೆ ನಿಲ್ಲಿಸಿ, ಐಡ್ಲಿಂಗ್ ಸ್ಕ್ರೂನಿಂದ ವೇಗ ಇಳಿಸಿದರು.

ಹತ್ತು ದಿನ ಬಿಟ್ಟು ಅಪ್ಪನೇ ನನ್ನ ಕೈಗೆ ಪಾನಾ ಕೊಟ್ಟರು. ಪ್ಲಗ್ ಬಿಚ್ಚಿದೆ. ಕಾಫಿಪುಡಿ ಬಣ್ಣ.