ಕುದುರೆ ಮೆಂತೆ: ಬೆಳೆಯುವುದು, ಬಾಡಿಸುವುದು, ಒಣಗಿಸಿ ಇಡುವುದು



ಮಳೆಗಾಲ ಮುಗಿಯುತ್ತಾ ಬಂದ ಹಾಗೆ ಸಂಘಗಳಲ್ಲಿ ನಾನು ಹೆಚ್ಚಾಗಿ ಕೇಳುವ ಮಾತು, "ಡಾಕ್ಟ್ರೇ, ಫೀಡಿನ ಖರ್ಚು ಇಳಿಸೋಕೆ ಏನಾದ್ರೂ ದಾರಿ ಹೇಳಿ" ಎನ್ನುವುದು. ಬೋರ್‌ವೆಲ್‌ನಲ್ಲಿ ಸ್ವಲ್ಪವಾದರೂ ನೀರಿದ್ದವರಿಗೆ ನಾನು ಹೇಳುವ ದಾರಿ ಕುದುರೆ ಮೆಂತೆ. ಕೆಲವು ಕಡೆ ಇದನ್ನೇ ಕುದುರೆ ಮಸಾಲೆ ಎನ್ನುತ್ತಾರೆ. ಬೀಜದ ಚೀಲದ ಮೇಲೆ ಲೂಸರ್ನ್ ಅಥವಾ ಅಲ್ಫಾಲ್ಫಾ ಎಂದಿರುತ್ತದೆ. ಹೆಸರು ಬೇರೆ, ಬೆಳೆ ಒಂದೇ.

ಹೈಬ್ರಿಡ್ ನೇಪಿಯರ್ ಹಸುವಿನ ಹೊಟ್ಟೆ ತುಂಬಿಸುತ್ತದೆ, ನಿಜ. ಆದರೆ ಅದರ ಒಣ ಅಂಶದಲ್ಲಿ ಪ್ರೋಟೀನ್ ಇರುವುದು ಸುಮಾರು ಶೇ. 8ರಿಂದ 10. ರಾಗಿ ಹುಲ್ಲಿನಲ್ಲಿ ಶೇ. 3-4. ಹದವಾಗಿ ಕೊಯ್ದ ಕುದುರೆ ಮೆಂತೆಯಲ್ಲಿ ಶೇ. 18ರಿಂದ 20, ಜೊತೆಗೆ ಸುಣ್ಣದ ಅಂಶವೂ ಹೇರಳ. 6ರಿಂದ 8 ಕೆಜಿ ಹಸಿ ದ್ವಿದಳ ಮೇವು ಸುಮಾರು 1 ಕೆಜಿ ಪಶು ಆಹಾರಕ್ಕೆ ಬದಲಿ ಎಂಬುದು ರೂಢಿಯ ಲೆಕ್ಕ. ಹಾಗೆಂದು ಪಶು ಆಹಾರವನ್ನು ಪೂರ್ತಿ ನಿಲ್ಲಿಸಬಾರದು. ಹೆಚ್ಚು ಹಾಲು ಕೊಡುವ ಹಸುವಿಗೆ ಬೇಕಾದ ಶಕ್ತಿ ಬರೀ ಸೊಪ್ಪಿನಿಂದ ಸಿಗುವುದಿಲ್ಲ.

ಎಷ್ಟು ಜಾಗ ಬೇಕು?

ಎಕರೆಗಟ್ಟಲೆ ಬೇಡ. ನೀರು, ಗೊಬ್ಬರ ಸರಿಯಾಗಿದ್ದರೆ ಒಂದು ಗುಂಟೆಯಿಂದ ವರ್ಷದ ಸರಾಸರಿಯಲ್ಲಿ ದಿನಕ್ಕೆ ಒಂದೂವರೆ ಕೆಜಿ ಹಸಿ ಮೇವು ಬರುತ್ತದೆ. ಅಂದರೆ 5 ಗುಂಟೆ ಇದ್ದರೆ ಒಂದು ಹಸುವಿಗೆ ದಿನವೂ 7-8 ಕೆಜಿ. ಬಚ್ಚಲು ನೀರು ಹರಿಯುವ ಕಡೆ ಒಂದೆರಡು ಪಾತಿ ಮಾಡಿಕೊಂಡವರೂ ಇದ್ದಾರೆ. ಅದೂ ಸರಿಯೇ, ಆದರೆ ನೀರು ನಿಲ್ಲಬಾರದು. ನೀರು ನಿಂತ ಕಡೆ ಬೇರು ಕೊಳೆತು ಗಿಡ ಸಾಯುತ್ತದೆ.

ಬಿತ್ತನೆಗೆ ಅಕ್ಟೋಬರ್-ನವೆಂಬರ್ ಒಳ್ಳೆಯ ಕಾಲ. ಸಾಲಿನಿಂದ ಸಾಲಿಗೆ ಒಂದು ಅಡಿ ಅಂತರ ಸಾಕು. ಗುಂಟೆಗೆ 250 ಗ್ರಾಂ ಬೀಜ ಬೇಕು. ಬೀಜ ಸಾಸಿವೆಗಿಂತ ಅಷ್ಟೇನೂ ದೊಡ್ಡದಲ್ಲ, ಅರ್ಧ ಇಂಚಿಗಿಂತ ಆಳಕ್ಕೆ ಹೋದರೆ ಮೊಳಕೆ ಮೇಲೆ ಬರುವುದೇ ಕಷ್ಟ. ಬಿತ್ತುವ ಮೊದಲು ಆರಿದ ಬೆಲ್ಲದ ನೀರಿನಲ್ಲಿ ಈ ಬೆಳೆಗೆಂದೇ ಇರುವ ರೈಜೋಬಿಯಂ ಜೀವಾಣು ಗೊಬ್ಬರ ಕಲಸಿ, ಬೀಜಕ್ಕೆ ಲೇಪಿಸಿ ನೆರಳಲ್ಲಿ ಆರಿಸಿ. ಆಮೇಲೆ ಗಾಳಿಯ ಸಾರಜನಕವನ್ನು ಗಿಡ ತನ್ನ ಬೇರಿನ ಗಂಟುಗಳಲ್ಲೇ ಹಿಡಿದುಕೊಳ್ಳುತ್ತದೆ. ಪ್ರತಿ ಕೊಯ್ಲಿಗೂ ಯೂರಿಯಾ ಎರಚುವುದು ದುಡ್ಡು ದಂಡ. ಇದಕ್ಕೆ ಬೇಕಾದದ್ದು ಕೊಟ್ಟಿಗೆ ಗೊಬ್ಬರ ಮತ್ತು ಸೂಪರ್ ಫಾಸ್ಫೇಟ್. ಆರ್‌ಎಲ್-88ರಂಥ ಬಹುವಾರ್ಷಿಕ ತಳಿ ಹಾಕಿದರೆ ಒಮ್ಮೆ ಬಿತ್ತಿದ್ದು ಮೂರು ವರ್ಷ ಕೊಯ್ಲಿಗೆ ಸಿಗುತ್ತದೆ.

ಬೀಜ ಕೊಳ್ಳುವಾಗ ಎಚ್ಚರ ಬೇಕು. ಎಲೆಯಿಲ್ಲದ ಹಳದಿ ದಾರದಂತೆ ಗಿಡಕ್ಕೆ ಸುತ್ತಿಕೊಳ್ಳುವ ಆಕಾಶಬಳ್ಳಿಯ ಬೀಜ ಇದರ ಜೊತೆ ಬೆರೆತು ಬರುತ್ತದೆ. ಆದ್ದರಿಂದ ಪ್ರಮಾಣಿತ ಬೀಜವನ್ನೇ ಕೊಳ್ಳಿ. ಬಳ್ಳಿ ಕಂಡರೆ, ಅದು ಹೂ ಬಿಡುವ ಮೊದಲೇ ಸುತ್ತಿಕೊಂಡ ಗಿಡದ ಸಮೇತ ಕಿತ್ತು ಸುಟ್ಟುಬಿಡಿ.

ಮೊದಲ ಕೊಯ್ಲು ಎರಡರಿಂದ ಎರಡೂವರೆ ತಿಂಗಳಿಗೆ, ಆಮೇಲೆ 25-30 ದಿನಕ್ಕೊಮ್ಮೆ. ಹತ್ತು ಗಿಡದಲ್ಲಿ ಒಂದು ಹೂ ಬಿಟ್ಟಿದ್ದರೆ ಅದೇ ಹದ. ನೆಲದಿಂದ ಮೂರು-ನಾಲ್ಕು ಇಂಚು ಬಿಟ್ಟು ಕೊಯ್ಯಿರಿ. ಕೊಯ್ದ ಮೇಲೆ ಗಿಡ ಮತ್ತೆ ಚಿಗುರುವುದು ಬೇರಿನಲ್ಲಿ ಕೂಡಿಟ್ಟ ಸತ್ವದಿಂದ. ಹದಿನೈದು ದಿನಕ್ಕೊಮ್ಮೆ ಕೊಯ್ದರೆ ಕೂಡಿಡಲು ಅದಕ್ಕೆ ಸಮಯವೇ ಸಿಗದೆ ಸೊರಗುತ್ತದೆ. ದನ ಬಿಟ್ಟು ಮೇಯಿಸಿದರೂ ಇದೇ ಗತಿ. ಹೊರದೇಶಗಳಲ್ಲಿ ದೊಡ್ಡ ಹೊಲಗಳಲ್ಲಿ ಹುಲ್ಲಿನ ಜೊತೆ ಬೆರೆಸಿ ಬೆಳೆದು, ಸರದಿಯಂತೆ ಮೇಯಿಸುತ್ತಾರೆ. ನಮ್ಮ ನಾಲ್ಕೈದು ಗುಂಟೆಗೆ ಅದು ಹೊಂದುವುದಿಲ್ಲ. ಕೊಯ್ದು ತಂದೇ ಹಾಕಿ.

ಹೊಟ್ಟೆ ಉಬ್ಬರ

ಮೇಯಲು ಬಿಡಬೇಡಿ ಎನ್ನಲು ಇನ್ನೂ ದೊಡ್ಡ ಕಾರಣವಿದೆ. ಹಗ್ಗ ಬಿಚ್ಚಿಕೊಂಡ ಹಸು ಬೆಳಗಿನ ಜಾವ ಕುದುರೆ ಮೆಂತೆ ಪಾತಿಗೆ ನುಗ್ಗಿದೆ ಎಂದು ಫೋನ್ ಬಂದರೆ ನಾನು ಬೈಕ್ ಹತ್ತಿಬಿಡುತ್ತೇನೆ, ಬೇರೆ ಪ್ರಶ್ನೆ ಕೇಳುತ್ತಾ ನಿಲ್ಲುವುದಿಲ್ಲ. ಎಳೆಯ ಹಸಿ ಎಲೆಯ ಪ್ರೋಟೀನ್ ಹಸುವಿನ ಮೆಲುಕುಚೀಲದಲ್ಲಿ ಸೋಪಿನ ನೊರೆಯಂತೆ ನೊರೆ ಎಬ್ಬಿಸುತ್ತದೆ. ಗಾಳಿ ಆ ನೊರೆಯಲ್ಲಿ ಸಿಕ್ಕಿಕೊಂಡು ತೇಗಾಗಿ ಹೊರಗೆ ಬರುವುದಿಲ್ಲ. ಎಡ ಪಕ್ಕೆ ಉಬ್ಬುತ್ತದೆ, ಹಸು ಮೇವು ಬಿಡುತ್ತದೆ, ಹೊಟ್ಟೆಗೆ ಒದ್ದುಕೊಳ್ಳುತ್ತದೆ, ನಾಲಿಗೆ ಚಾಚಿ ಏದುಸಿರು ಬಿಡುತ್ತದೆ. ಕೆಲವೊಮ್ಮೆ ಒಂದೆರಡು ಗಂಟೆಯಲ್ಲೇ ಜೀವ ಹೋಗುತ್ತದೆ.

ತಡೆಯುವುದು ಕಷ್ಟವಲ್ಲ. ಬೆಳಗ್ಗೆ ಮೊದಲು ರಾಗಿ ಹುಲ್ಲು ಅಥವಾ ಜೋಳದ ಸಪ್ಪೆ ಹಾಕಿ. ಹಸಿದ ಹೊಟ್ಟೆಗೆ ಕುದುರೆ ಮೆಂತೆ ಬೀಳಬಾರದು. ಇಬ್ಬನಿ ಆರಿದ ಮೇಲೆ ಕೊಯ್ದು, ನಾಲ್ಕೈದು ಗಂಟೆ ನೆರಳಲ್ಲಿ ತೆಳ್ಳಗೆ ಹರಡಿ ಬಾಡಿಸಿ, ಒಣ ಹುಲ್ಲಿನ ಜೊತೆ ಕತ್ತರಿಸಿ ಬೆರೆಸಿ ಹಾಕಿ. ಗುಡ್ಡೆ ಹಾಕಿದರೆ ಬಿಸಿಯೇರಿ ಕೆಡುತ್ತದೆ. ಹೊಸದಾಗಿ ಶುರು ಮಾಡುವಾಗ ದಿನಕ್ಕೆ 1-2 ಕೆಜಿ ಕೊಟ್ಟು, ಹತ್ತು ದಿನದಲ್ಲಿ ನಿಧಾನವಾಗಿ 7-8 ಕೆಜಿಗೆ ಏರಿಸಿ.

ಹಾಗಿದ್ದೂ ಉಬ್ಬಿದರೆ ಮೊದಲು ಪಶುವೈದ್ಯರಿಗೆ ಫೋನ್ ಮಾಡಿ. ಅವರು ಬರುವವರೆಗೆ ಮುಂಗಾಲು ಎತ್ತರದ ಜಾಗದಲ್ಲಿರುವಂತೆ ಹಸುವನ್ನು ನಿಲ್ಲಿಸಿ, ಮಲಗಲು ಬಿಡಬೇಡಿ. ಹಸು ಸರಿಯಾಗಿ ನುಂಗುತ್ತಿದ್ದರೆ ಮಾತ್ರ 250 ಮಿಲಿ ಕಡಲೆಕಾಯಿ ಎಣ್ಣೆ ಕುಡಿಸಿ, ಎಣ್ಣೆ ನೊರೆ ಒಡೆಯುತ್ತದೆ. ನಾಲಿಗೆ ಎಳೆದು ಹಿಡಿಯಬೇಡಿ, ತಲೆಯನ್ನು ಮೇಲಕ್ಕೆ ಎತ್ತಬೇಡಿ. ಸ್ವಲ್ಪ ಸ್ವಲ್ಪವೇ ಕುಡಿಸಿ, ಕೆಮ್ಮಿದರೆ ತಕ್ಷಣ ನಿಲ್ಲಿಸಿ. ಎಣ್ಣೆ ಶ್ವಾಸಕೋಶಕ್ಕೆ ಹೋದರೆ ಅದೇ ಇನ್ನೊಂದು ಕಾಯಿಲೆ. ಯಾರದೋ ಮಾತು ಕೇಳಿ ಚಾಕು, ಸೂಜಿ ಚುಚ್ಚಬೇಡಿ. ನೊರೆ ಆ ತೂತಿನಿಂದ ಬರುವುದಿಲ್ಲ, ಹುಣ್ಣು ಮಾತ್ರ ಉಳಿಯುತ್ತದೆ.

ಗಬ್ಬದ ಹಸುವಿಗೆ ಕೊನೆಯ ಮೂರು ವಾರ ಕುದುರೆ ಮೆಂತೆ ಬೇಡ. ಸುಣ್ಣದ ಅಂಶ ಒಳ್ಳೆಯದಲ್ಲವೇ ಎಂದು ಕೇಳುತ್ತೀರಿ. ಆಗ ಮೇವಿನಲ್ಲೇ ಧಾರಾಳವಾಗಿ ಸಿಕ್ಕರೆ, ಮೂಳೆಯಲ್ಲಿರುವ ಸುಣ್ಣವನ್ನು ಬಿಡಿಸಿಕೊಳ್ಳುವ ಅಭ್ಯಾಸವೇ ಹಸುವಿನ ಮೈಗೆ ತಪ್ಪಿಹೋಗುತ್ತದೆ. ಕರು ಹಾಕಿ ಹಾಲು ಇಳಿದಾಗ ಒಮ್ಮೆಲೇ ಕೊರತೆಯಾಗಿ ಹಾಲು ಜ್ವರದಲ್ಲಿ ನೆಲ ಹಿಡಿಯುತ್ತದೆ. ಕರು ಹಾಕಿದ ಮೇಲೆ ನಿಧಾನವಾಗಿ ಮತ್ತೆ ಶುರು ಮಾಡಿ.

ಮಿಕ್ಕಿದ್ದನ್ನು ಒಣಗಿಸಿ

ಡಿಸೆಂಬರ್‌ನಿಂದ ಮಾರ್ಚ್‌ವರೆಗೆ ಮಳೆಯ ಕಾಟ ಕಡಿಮೆ, ಒಣಗಿಸಲು ಹೇಳಿ ಮಾಡಿಸಿದ ಕಾಲ. ಒಣಗಿದ ಕುದುರೆ ಮೆಂತೆಯಿಂದ ಹೊಟ್ಟೆ ಉಬ್ಬುವ ಭಯವೂ ತೀರಾ ಕಡಿಮೆ. 100 ಕೆಜಿ ಹಸಿ ಮೇವಿನಿಂದ ಸುಮಾರು 23 ಕೆಜಿ ಒಣ ಮೇವು ಸಿಗುತ್ತದೆ. ಇಲ್ಲಿ ಕಾಪಾಡಬೇಕಾದದ್ದು ಎಲೆಯನ್ನು, ಏಕೆಂದರೆ ಪ್ರೋಟೀನಿನ ಹೆಚ್ಚು ಪಾಲು ಎಲೆಯಲ್ಲೇ ಇದೆ. ಸುಡುಬಿಸಿಲಲ್ಲಿ ದಿನಗಟ್ಟಲೆ ಬಿಟ್ಟು, ಮಧ್ಯಾಹ್ನ ತಿರುವಿ ಹಾಕಿದರೆ ಎಲೆ ಪುಡಿಯಾಗಿ ಮಣ್ಣು ಸೇರುತ್ತದೆ, ನಮ್ಮ ಕೈಗೆ ಬರೀ ಕಡ್ಡಿ. ಕೊಯ್ದ ದಿನ ಮಾತ್ರ ಬಿಸಿಲಿಗೆ ಹರಡಿ. ಆಮೇಲೆ ಗಾಳಿಯಾಡುವ ನೆರಳಲ್ಲಿ ಗಳುವಿನ ಮೇಲೋ ಬೇಲಿಯ ಮೇಲೋ ಸಡಿಲವಾಗಿ ಹಾಕಿ. ತಿರುವುವುದಿದ್ದರೆ ಎಲೆ ಮೆತ್ತಗಿರುವ ಮುಂಜಾನೆ ಮಾತ್ರ. ಕಾಂಡವನ್ನು ಉಗುರಿನಿಂದ ಗೀರಿದಾಗ ಸಿಪ್ಪೆ ಏಳದಿದ್ದರೆ, ತಿರುಚಿದಾಗ ಮುರಿದರೆ ಒಣಗಿದೆ ಎಂದು ತಿಳಿಯಿರಿ. ಹಸಿ ಉಳಿದದ್ದನ್ನು ಒಟ್ಟಿದರೆ ಬೂಷ್ಟು ಹಿಡಿಯುತ್ತದೆ. ಬೂಷ್ಟು ಹಿಡಿದದ್ದನ್ನು ದನಕ್ಕೆ ಹಾಕಬೇಡಿ, ತಿಪ್ಪೆಗೆ ಹಾಕಿ.

ನೆಲಕ್ಕೆ ತಾಗದಂತೆ ಹಲಗೆಯ ಮೇಲೆ ಜೋಡಿಸಿಟ್ಟರೆ ಬೇಸಿಗೆಗೆ ಆಗುತ್ತದೆ. ಹಸಿರು ಬಣ್ಣ, ಒಳ್ಳೆಯ ವಾಸನೆ ಉಳಿದ ಕಟ್ಟುಗಳನ್ನು ಕರುಗಳಿಗೆಂದು ಬೇರೆ ಇಡಿ. ಮೂರನೇ ವಾರದಿಂದ ಕರುವಿನ ಮುಂದೆ ದಿನವೂ ಒಂದು ಹಿಡಿ ಕಟ್ಟಿ ನೇತು ಹಾಕಿದರೆ ಅದು ತಾನೇ ಕಚ್ಚಿ ತಿನ್ನಲು ಕಲಿಯುತ್ತದೆ.