ತ್ರೀ ಫೇಸ್ ಬಂದಾಗ ಫೋನ್ ಎತ್ತುವವರು ಯಾರು?

ಕೊಪ್ಪಳಕ್ಕೆ 08539, ಗಂಗಾವತಿಗೆ 08533, ಕುಷ್ಟಗಿಗೆ 08536, ಯಲಬುರ್ಗಾಕ್ಕೆ 08534. ಒಂದೇ ಜಿಲ್ಲೆಯ ನಾಲ್ಕು ಊರಿಗೆ ನಾಲ್ಕು ಎಸ್‌ಟಿಡಿ ಕೋಡ್. ನಮ್ಮದು ಪಂಪ್‌ಸೆಟ್, ಸ್ಟಾರ್ಟರ್, ಡ್ರಿಪ್ ಸಾಮಾನು ಮಾರುವ, ಮೋಟರ್ ರಿವೈಂಡಿಂಗ್ ಮಾಡಿಕೊಡುವ ವ್ಯಾಪಾರ, ನಾಲ್ಕೂ ಊರಲ್ಲಿ ಅಂಗಡಿ. ಲ್ಯಾಂಡ್‌ಲೈನ್ ಹೋಗಿ ಮೊಬೈಲ್ ಬಂದ ಮೇಲೆ ಬೋರ್ಡಿನ ಮೇಲಿನ ಸಂಖ್ಯೆಗಳ ಸಾಲು ಇನ್ನೂ ಉದ್ದವಾಯಿತು. ಗಿರಾಕಿಗೆ ಅವುಗಳಲ್ಲಿ ಯಾವುದೋ ಒಂದು ಗೊತ್ತು. ಆ ಫೋನ್ ಇರುವ ಮೆಕ್ಯಾನಿಕ್ ಅದೇ ಹೊತ್ತಿಗೆ ಯಾರದೋ ಹೊಲದಲ್ಲಿ ಬೋರಿನಿಂದ ಪೈಪ್ ಎತ್ತುತ್ತಿರುತ್ತಾನೆ. ನಾಲ್ಕೂ ಊರಿಗೆ ಒಂದೇ ಸಂಖ್ಯೆ ಇರಲಿ ಎಂದು ಕ್ಲೌಡ್ ಫೋನ್ ಹಾಕಿಸಿದೆವು.

ಕ್ಲೌಡ್ ಎಂದ ಕೂಡಲೇ ನಮ್ಮ ಹುಡುಗರು ಕೇಳಿದ್ದು, "ನೆಟ್ ಹ್ವಾದ್ರ ಫೋನೂ ಬಂದ್ ಆಕ್ಕೈತೇನ್ರಿ?" ಒಳ್ಳೆಯ ಪ್ರಶ್ನೆಯೇ. ಇಂಟರ್ನೆಟ್ ಮೇಲೆ ಮಾತು ಸಾಗಿಸುವ ಬಗೆಯಲ್ಲಿ ಒಂದು ಕರೆಗೆ ಹೋಗಲು ಬರಲು ತಲಾ ಸುಮಾರು 100 ಕೆಬಿಪಿಎಸ್ ಸಾಕು. ಆದರೆ ಆ ಹರಿವು ಎಲ್ಲೂ ಕಡಿಯಬಾರದು. ಮಾತು ಆಚೆ ತುದಿ ಮುಟ್ಟಲು 150 ಮಿಲಿಸೆಕೆಂಡ್‌ಗಿಂತ ತಡವಾಗುತ್ತ ಹೋದಂತೆ ಇಬ್ಬರೂ ಒಟ್ಟಿಗೆ ಮಾತಾಡಿ, ಒಟ್ಟಿಗೆ ಸುಮ್ಮನಾಗುತ್ತಾರೆ. ಕರೆಂಟ್ ಹೋದರೆ ರೂಟರ್ ಕೂಡ ಆರುವ ಊರುಗಳಿಗೆ ಇದು ಒಗ್ಗದು. ನಾವು ಆರಿಸಿದ್ದು ಇನ್ನೊಂದು ಬಗೆ. ಗಿರಾಕಿಯ ಕರೆ ಕ್ಲೌಡ್ ಫೋನ್ ಕಂಪನಿಯ ಸರ್ವರ್‌ಗೆ ಹೋಗುತ್ತದೆ, ಸರ್ವರ್ ನಮ್ಮವರ ಮಾಮೂಲಿ ಮೊಬೈಲಿಗೆ ಕರೆ ತಿರುಗಿಸುತ್ತದೆ. ನೆಟ್ ಬೇಕಾಗುವುದು ಲೆಕ್ಕ ನೋಡುವ ಆಪ್‌ಗೆ ಮಾತ್ರ. ಹೀಗೆ ತಿರುಗಿಸಿದ ಕರೆಯ ನಿಮಿಷಗಳ ಹಣ ಅಂಗಡಿಯ ಲೆಕ್ಕಕ್ಕೆ ಬೀಳುತ್ತದೆ ಎಂಬುದನ್ನು ದರಪಟ್ಟಿ ಓದುವಾಗಲೇ ಗಮನಿಸಬೇಕು.

"ಮಾರಾಟಕ್ಕೆ 1 ಒತ್ತಿ, ರಿಪೇರಿಗೆ 2 ಒತ್ತಿ" ಎಂಬ ಮೆನು ಎಲ್ಲರಿಗೂ ಸಿದ್ಧವಾಗಿಯೇ ಸಿಗುತ್ತದೆ. ಹಳ್ಳಿಯಿಂದ ಫೋನ್ ಮಾಡುವವರು ರೆಕಾರ್ಡಿಂಗ್ ಜೊತೆಗೇ ಮಾತಿಗಿಳಿಯುತ್ತಾರೆ: "ಹಲೋ, ಅಣ್ಣಾರ, ಮೋಟ್ರ್ ನೀರ ಎತ್ತವಲ್ದ್ರಿ." ಸ್ಮಾರ್ಟ್‌ಫೋನ್ ಕಿವಿಗೆ ಇಟ್ಟ ಕೂಡಲೇ ಪರದೆ ಆರುತ್ತದೆ, ಒತ್ತಲು ಗುಂಡಿಯೇ ಕಾಣದು. ಅವರಿಗೆ ಮಾರಾಟ, ರಿಪೇರಿ ಎಂಬ ವಿಭಾಗಗಳೂ ಬೇಕಿಲ್ಲ. ಸುಟ್ಟ ಮೋಟರ್ ರಿಪೇರಿಯೋ ಹೊಸತೋ ಎಂಬುದು ಬಿಚ್ಚಿದ ಮೇಲಲ್ಲವೇ ಗೊತ್ತಾಗುವುದು? ಆದ್ದರಿಂದ ಅಂಗಡಿಯ ಹೆಸರು, ಕರೆ ರೆಕಾರ್ಡ್ ಆಗುತ್ತದೆ ಎಂಬ ಒಂದು ಮಾತು, ಊರಿನ ಆಯ್ಕೆ, ಇಷ್ಟೇ ಉಳಿಸಿದೆವು. ಏನೂ ಒತ್ತದಿದ್ದರೆ ಕರೆ ನೇರವಾಗಿ ಮನುಷ್ಯನಿಗೇ ಹೋಗಬೇಕು. ಧ್ವನಿಯೂ ಸ್ಟುಡಿಯೋದ್ದಲ್ಲ, ನಮ್ಮ ಲೆಕ್ಕ ಬರೆಯುವ ಅಕ್ಕಾರದ್ದು.

ನಿಜವಾದ ಪಾಠ ಸಿಕ್ಕಿದ್ದು ಕರೆಗಳ ವರದಿಯಲ್ಲಿ. ಅಂಗಡಿ ತೆರೆಯುವುದು ಬೆಳಿಗ್ಗೆ, ಆದರೆ ಎತ್ತದೇ ಹೋದ ಕರೆಗಳು ಗುಂಪುಗಟ್ಟಿದ್ದು ನಸುಕಿನಲ್ಲಿ ಮತ್ತು ತಡರಾತ್ರಿಯಲ್ಲಿ. ಪಂಪ್‌ಸೆಟ್‌ಗೆ ತ್ರೀ ಫೇಸ್ ಕರೆಂಟ್ ಸಿಗುವುದು 7 ತಾಸು, ಅದೂ ಪಾಳಿಯ ಮೇಲೆ. ಕರೆಂಟ್ ಬಂದು ಸ್ಟಾರ್ಟರ್ ಒತ್ತಿದಾಗಲೇ ಮೋಟರ್ ಕೆಟ್ಟದ್ದು ತಿಳಿಯುತ್ತದೆ, ಫೋನ್ ಬರುವುದೂ ಆಗಲೇ. ಕುಷ್ಟಗಿ, ಯಲಬುರ್ಗಾದ ಬೋರಿನ ರೈತರು, ದಾಳಿಂಬೆ ಬೆಳೆಗಾರರು ಹೀಗೆ ಕರೆಂಟ್ ಕೊಡುವ ಜೆಸ್ಕಾಂ ಕಂಪನಿಯ ಪಾಳಿಗೆ ತಕ್ಕಂತೆ ಕರೆ ಮಾಡುತ್ತಾರೆ. ತುಂಗಭದ್ರಾ ಎಡದಂಡೆ ಕಾಲುವೆಯನ್ನು ನಂಬಿದ ಗಂಗಾವತಿ ಕಡೆಯ ಭತ್ತದವರ ಹೊತ್ತು ಬೇರೆ, ಕಾಲುವೆಗೆ ನೀರು ಬಿಟ್ಟ ಮತ್ತು ನಿಲ್ಲಿಸಿದ ದಿನಗಳೇ ಅವರ ಪಂಚಾಂಗ. ಇದನ್ನು ಕಂಡ ಮೇಲೆ ಕುಷ್ಟಗಿ, ಯಲಬುರ್ಗಾದಲ್ಲಿ ರಾತ್ರಿ ಪಾಳಿ ಇಟ್ಟೆವು. ಗಂಗಾವತಿಗೆ ಹಗಲು ಸಾಕು.

ಮೆಕ್ಯಾನಿಕ್‌ಗಳಿಗೆ ಈ ವ್ಯವಸ್ಥೆ ಸುಲಭವಾಗಿ ಹಿಡಿಸಲಿಲ್ಲ. "ನನ್ನ ಗಿರಾಕಿ ನನಗ ಫೋನ್ ಮಾಡ್ತಾನ, ನಡುವ ಇದ್ಯಾಕ್ರಿ?" ಎಂದರು ಹಿರಿಯರೊಬ್ಬರು. ಅವರ ಮಾತಿನಲ್ಲಿ ಹುರುಳಿತ್ತು. ಎಷ್ಟು ಅಡಿಗೆ ಮೋಟರ್ ಇಳಿಸಿದೆ, ಎಷ್ಟು ಪೈಪ್ ಹೋಗಿದೆ ಎಂಬುದು ಇಳಿಸಿದವನಿಗೇ ಗೊತ್ತು. ಇದಕ್ಕೆಂದೇ ಇರುವ 'ಸ್ಟಿಕಿ ಏಜೆಂಟ್' ಸೌಲಭ್ಯ ಚಾಲೂ ಮಾಡಿದೆವು. ಹಳೆಯ ಗಿರಾಕಿಯ ಕರೆ ಮೊದಲು ಅವನ ಮೆಕ್ಯಾನಿಕ್‌ಗೇ ಹೋಗುತ್ತದೆ, ಆತ ಎತ್ತದಿದ್ದರೆ ಮುಂದಿನವರಿಗೆ. ಮೆಕ್ಯಾನಿಕ್ ತಿರುಗಿ ಕರೆ ಮಾಡಿದರೂ ಗಿರಾಕಿಗೆ ಕಾಣುವುದು ಅಂಗಡಿಯ ಸಂಖ್ಯೆ. ರಜೆಯ ದಿನ ತಮ್ಮ ಸ್ವಂತ ಫೋನು ಸುಮ್ಮನಿರುತ್ತದೆ ಎಂದು ತಿಳಿದ ಮೇಲೆ ತಕರಾರು ನಿಂತಿತು.

ಒಂದೇ ಹೊತ್ತಿಗೆ ಎಷ್ಟು ಕರೆ ಹಿಡಿಯಬಹುದು ಎಂಬುದಕ್ಕೆ ಚಾನೆಲ್ ಎನ್ನುತ್ತಾರೆ. ಚಾನೆಲ್ ತುಂಬಿದರೆ ಮುಂದಿನವನಿಗೆ ಬ್ಯುಸಿ ಟೋನ್. 2024ರ ಆಗಸ್ಟ್ 10ರ ರಾತ್ರಿ ತುಂಗಭದ್ರಾ ಅಣೆಕಟ್ಟೆಯ 19ನೇ ಗೇಟ್ ಕೊಚ್ಚಿ ಹೋದಾಗ, ಕಾಲುವೆ ಕೈಕೊಟ್ಟರೆ ಎಂಬ ಚಿಂತೆಗೆ ಬೋರ್ ಮೋಟರ್ ವಿಚಾರಿಸುವವರು ಹೆಚ್ಚಾದರು. ಸಾಮಾನ್ಯ ದಿನದ ಲೆಕ್ಕದ ಚಾನೆಲ್ ಅಂಥ ದಿನಕ್ಕೆ ಸಾಲದು, ಹಾಗಾಗಿ ಬೇಕಾದಾಗ ಏರಿಸಿ ಇಳಿಸಬಹುದಾದ ಒಪ್ಪಂದವೇ ಲೇಸು. ಜನವರಿಯ ಗವಿಸಿದ್ಧೇಶ್ವರ ಜಾತ್ರೆಗೆ ಲಕ್ಷಾಂತರ ಜನ ಸೇರಿದಾಗ ಕೊಪ್ಪಳದಲ್ಲಿ ಮೊಬೈಲ್ ಸಿಗುವುದೇ ಕಷ್ಟ. ತೇರಿನ ದಿನ ಕೊಪ್ಪಳದ ಕರೆಗಳೆಲ್ಲ ಕುಷ್ಟಗಿಗೆ ಹೋಗುವಂತೆ ಆಪ್‌ನಲ್ಲೇ ಬದಲಿಸುತ್ತೇವೆ.

ಕಾಗದಪತ್ರದ ಮಾತು ಚಿಕ್ಕದು: ಪ್ಯಾನ್, ಜಿಎಸ್‌ಟಿ, ವಿಳಾಸದ ದಾಖಲೆ. ಆದರೆ ಸಹಿ ಹಾಕುವ ಮುನ್ನ ಒಂದು ಕೇಳಿ: ಕಂಪನಿ ಬಿಟ್ಟರೆ ಸಂಖ್ಯೆ ನಮ್ಮ ಜೊತೆ ಬರುತ್ತದೆಯೇ? ಮೊಬೈಲ್ ಸಂಖ್ಯೆಗೆ 2011ರಿಂದ ದೇಶದೆಲ್ಲೆಡೆ ಇರುವ ಪೋರ್ಟಿಂಗ್ ಸೌಲಭ್ಯ ನಮ್ಮದರಂಥ ಲ್ಯಾಂಡ್‌ಲೈನ್ ಮಾದರಿಯ ಸಂಖ್ಯೆಗಿಲ್ಲ. ಅದಕ್ಕೇ ಹಳೆಯ ಮೊಬೈಲ್ ಸಂಖ್ಯೆ ಬೋರ್ಡಿನಿಂದ ಅಳಿಸದೆ, ಅದಕ್ಕೆ ಬಂದ ಕರೆ ಹೊಸ ಸಂಖ್ಯೆಗೆ ತಿರುಗುವಂತೆ ಇಟ್ಟಿದ್ದೇವೆ. ಹಬ್ಬದ ಡಿಸ್ಕೌಂಟ್ ಹೇಳಲು ಈ ಸಂಖ್ಯೆ ಬಳಸಬಾರದು, ಪ್ರಚಾರದ ಕರೆಗಳಿಗೆ 140ರಿಂದ ಆರಂಭವಾಗುವ ಸರಣಿಯೇ ಬೇರೆ ಇದೆ.

ಈಗ ಬೇರೆ ಅಂಗಡಿಯವರು ಯಾವ ಕಂಪನಿಯದು ಹಾಕಿಸಲಿ ಎಂದು ಕೇಳುತ್ತಾರೆ. ನಾನು ತಿರುಗಿ ಕೇಳುವುದು, ನಿಮ್ಮ ಗಿರಾಕಿ ಯಾವ ಹೊತ್ತಿಗೆ ಫೋನ್ ಮಾಡುತ್ತಾನೆ, ಆಗ ಎದ್ದಿರುವವರು ಯಾರು, ಅವರಿಗೆ ಏನು ಕೊಡುತ್ತೀರಿ ಎಂದು. ನಮ್ಮಲ್ಲಿ ಸಂಖ್ಯೆಯ ಬಾಡಿಗೆಗಿಂತ ರಾತ್ರಿ ಪಾಳಿಯ ಭತ್ಯೆಯೇ ದೊಡ್ಡ ಖರ್ಚು. ಅದನ್ನು ಉಳಿಸಲು ಹೋದರೆ ಉಳಿದ ಖರ್ಚೆಲ್ಲ ದಂಡ.