ಎರೆನೆಲದಲ್ಲಿ ನಿಂತ ನೀರು

ಹಲಬರ್ಗಾದ ರೈತಬಾಂಧವರೇ,

ಹೊಲದ ತಗ್ಗಿನ ಭಾಗದಲ್ಲಿ ಮಾತ್ರ ತೊಗರಿಯು ಶ್ರಾವಣದೊಳಗೇ ಹಳದಿಗಟ್ಟುತ್ತಿರುವುದಕ್ಕೆ ಯಾವ ಗೊಬ್ಬರವನ್ನು ಹಾಕಬೇಕೆಂದು ಕೇಳಿರುವಿರಿ. ಚೀಲ ತರುವ ಮುನ್ನ ಅಲ್ಲಿ ಎರಡು ಅಡಿ ಗುಂಡಿ ತೋಡಿ, ನೀರು ನಿಂತಿದೆಯೇ ಎಂದು ನೋಡಿರಿ.

ಶೀತದೇಶಗಳಲ್ಲಿ ಹಿಮನದಿಗಳು ಬಿಟ್ಟುಹೋದ ಜೇಡಿಯಲ್ಲಿ ನೀರು ಬಸಿಯದಿದ್ದರೆ ಮಣ್ಣು ಬೂದುಬಣ್ಣಕ್ಕೆ ತಿರುಗಿ, ನಡುನಡುವೆ ತುಕ್ಕಿನ ಕಲೆಗಳು ಮೂಡುವುವು. ಸುಮಾರು 6.6 ಕೋಟಿ ವರ್ಷಗಳ ಹಿಂದಿನ ಲಾವಾಶಿಲೆ ಶಿಥಿಲವಾಗಿ ಆದ ನಮ್ಮ ಎರೆಯಲ್ಲಾದರೋ ಕಪ್ಪುಬಣ್ಣವೇ ಆ ಚಿಹ್ನೆಯನ್ನು ಮರೆಮಾಡುವುದುಂಟು. ಆದುದರಿಂದ ಗಿಡವೊಂದನ್ನು ಮೆಲ್ಲನೆ ಕಿತ್ತು, ಬೇರಿನ ಗಂಟನ್ನು ಉಗುರಿನಿಂದ ಸೀಳಿ ನೋಡಬೇಕು. ಒಳಗೆ ನಸುಗೆಂಪಿದ್ದರೆ ಅದು ಸಜೀವ. ಹಸುರೋ ಕಂದೋ ಆಗಿದ್ದರೆ, ಬೇರಿಗೆ ಪ್ರಾಣವಾಯು ದೊರೆಯದೆ ಸಾರಜನಕದ ಸ್ಥಿರೀಕರಣವು ನಿಂತುಹೋಗಿದೆಯೆಂದೇ ತಿಳಿಯಿರಿ. ಬೀದರ ಕೋಟೆಯ ಸುತ್ತಲಿನ ಜಂಬಿಟ್ಟಿಗೆ ನೆಲವು ಮಳೆಯನ್ನು ಬೇಗನೆ ಇಳಿಸಿಕೊಳ್ಳುವುದು. ಎರೆಯ ಜೇಡಿಯಾದರೋ ನೆನೆದೊಡನೆ ಉಬ್ಬಿ, ತನ್ನ ಬಿರುಕುಗಳನ್ನು ತಾನೇ ಮುಚ್ಚಿಕೊಂಡು, ನೀರಿಗೆ ದಾರಿಯನ್ನೇ ಉಳಿಸುವುದಿಲ್ಲ.

ಈಗ ಇಳಿಜಾರಿನತ್ತ ಬಸಿಗಾಲುವೆ ತೋಡಿ ನಿಂತ ನೀರನ್ನು ಹೊರಹಾಕಿರಿ. ಮಣ್ಣು ಅಂಟುವಷ್ಟು ಹಸಿಯಿರುವಾಗ ಕುಂಟೆ ಹೊಡೆಯಬೇಡಿರಿ. ಮುಂದಿನ ಮುಂಗಾರಿಗೆ, ಪಟಾನ್‌ಚೆರುವಿನ ಇಕ್ರಿಸ್ಯಾಟ್ ಸಂಸ್ಥೆಯು ಎರೆಭೂಮಿಗಾಗಿಯೇ ರೂಪಿಸಿದ, ಸಾಲೂ ಸೇರಿ 1.5 ಮೀಟರ್ ಅಗಲದ ಏರುಮಡಿಗಳ ಮೇಲೆ ಬಿತ್ತುವುದು ನನ್ನ ದೃಷ್ಟಿಯಲ್ಲಿ ಸರ್ವಥಾ ಉಚಿತ. ಕಾಲುವೆಯ ಬಾಯಿ ನೆರೆಯವರ ಹೊಲಕ್ಕೆ ತೆರೆಯದಂತೆ, ಅವರೊಡನೆ ಮೊದಲೇ ಮಾತನಾಡಿ, ಹಳ್ಳಕ್ಕೆ ಸೇರಿಸಿರಿ.